ಜರ್ಮನಿಯಲ್ಲಿ ಟೆನರ್ ಗಾಯಕನಾಗಿ: ಒಪೆರಾ, ಪ್ಯಾಶನ್ ಮತ್ತು ಶೂಬರ್ಟ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಗಂಡಸರ ಎತ್ತರದ ಕಂಠವನ್ನು ಟೆನರ್ ಎನ್ನುತ್ತಾರೆ. ಪಿಯಾನೋದ ನಟ್ಟನಡುವಿನ ‘ಸಿ’ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನಿಂದ ಒಂದು ಸ್ಥಾಯಿ ಮೇಲಿನವರೆಗೆ, ಹೆಚ್ಚುಕಡಿಮೆ ಎರಡು ಸ್ಥಾಯಿ ಅದರ ಹರವು. ನಾನು ಹಲವು ವರ್ಷಗಳಿಂದ ಜರ್ಮನಿಯಲ್ಲಿ ಈ ಕಂಠವನ್ನೇ ನಂಬಿ ಬದುಕುತ್ತಿದ್ದೇನೆ. ರಂಗಮಂದಿರದಲ್ಲಿ ಒಪೆರಾ, ಚರ್ಚುಗಳಲ್ಲಿ ಬಾಖ್ ಮತ್ತು ಹ್ಯಾಂಡೆಲ್ ರಚಿಸಿದ ಭಕ್ತಿಕೃತಿಗಳು, ಸಣ್ಣ ಸಭಾಂಗಣಗಳಲ್ಲಿ ಪಿಯಾನೋ ಒಂದರ ಜೊತೆಗೆ ಹಾಡುವ ‘ಲೀಟ್’ ಎಂಬ ಕಾವ್ಯಗೀತೆಗಳು, ಹೀಗೆ ಟೆನರ್ ಒಬ್ಬನ ದುಡಿಮೆ ಮೂರು ಕಡೆ ಹಂಚಿಹೋಗಿರುತ್ತದೆ. ಹಾಡು ಕಲಿಯಲು ಇಲ್ಲಿಗೆ ಬರಬೇಕೆಂದಿರುವ ಊರಿನ ಹುಡುಗರು ನನ್ನನ್ನು ವಿಚಾರಿಸುವುದು ಒಪೆರಾದ ಬಗ್ಗೆ ಮಾತ್ರ. ಉಳಿದೆರಡನ್ನು ಅವರು ಬಿಡುವಿನ ಕೆಲಸವೆಂದು ತಿಳಿದಿರುತ್ತಾರೆ. ನನ್ನ ಕಂಠ ಇಂದಿಗೂ ಕೆಡದೆ ಉಳಿದಿರುವುದಕ್ಕೆ ಆ ಉಳಿದೆರಡೇ ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ. ಅದು ಹೇಗೆಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಾನು ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಪರಂಪರೆಯ ಕ್ರೈಸ್ತ ಸಭೆಯಲ್ಲಿ ಬೆಳೆದವನು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳು ಮತ್ತು ಅವರ ನಂತರದವರು ತಮ್ಮ ನಾಡಿನ ಕೋರಾಲ್‌ಗಳನ್ನು, ಎಂದರೆ ಸಭೆಯವರೆಲ್ಲ ಕೂಡಿ ಹಾಡುವ ಜರ್ಮನ್ ಕೀರ್ತನೆಗಳನ್ನು, ಮೂಲದ ಧಾಟಿಯಲ್ಲೇ ಕನ್ನಡಕ್ಕೆ ತಂದರು. ಆ ಧಾಟಿಗಳು ಹೊರಗಿನವೆಂದು ನಮಗೆ ಎಂದೂ ಅನ್ನಿಸಿರಲಿಲ್ಲ. ಅಜ್ಜಿ ಅಕ್ಕಿ ಆರಿಸುತ್ತಾ ಗುನುಗುತ್ತಿದ್ದದ್ದೂ ಅವನ್ನೇ. ಸ್ವರ ಒಡೆದು ನೆಲೆಗೊಂಡ ಮೇಲೆ ಗಾಯನಮಂಡಳಿಯವರು ನನ್ನನ್ನು ಟೆನರ್ ಸಾಲಿನಲ್ಲಿ ನಿಲ್ಲಿಸಿದರು. ಯಾವ ಮಂಡಳಿಯಲ್ಲೂ ಆ ಸಾಲಿಗೆ ಜನ ಸಾಲದಿರುವುದರಿಂದ, ಆಮೇಲೆ ನನ್ನನ್ನು ಅಲ್ಲಿಂದ ಯಾರೂ ಕದಲಿಸಲಿಲ್ಲ. ಬೆಂಗಳೂರಿನಲ್ಲಿ ಪದವಿ ಮುಗಿಸಿ, ಪಿಯಾನೋ ಮತ್ತು ಸ್ವರಲಿಪಿಯ ಪಾಠ ಮಾಡಿಕೊಂಡು, ಜರ್ಮನ್ ಭಾಷೆಯ ಪರೀಕ್ಷೆಗಳನ್ನು ಬರೆದು, ದಕ್ಷಿಣ ಜರ್ಮನಿಯ ಸಂಗೀತ ಮಹಾವಿದ್ಯಾಲಯವೊಂದರ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದೆ. ಈ ವಿದ್ಯಾಲಯಗಳು ಸರಕಾರದವು, ಹಲವು ರಾಜ್ಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1500 ಯೂರೋ ಪಡೆಯುತ್ತಿದೆ. ಬರಬೇಕೆನ್ನುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲ ವರ್ಷದ ಪಾಠವೆಲ್ಲ ಮೂರು ನಾಲ್ಕು ಸ್ವರಗಳ ಸುತ್ತ ನಡೆಯಿತು. ಟೆನರ್ ಕಂಠದಲ್ಲಿ ನಡುವಿನ ಸಿ-ಯ ಮೇಲಿರುವ ಇ, ಎಫ್, ಜಿ ಸ್ವರಗಳ ಆಸುಪಾಸಿನಲ್ಲಿ ಒಂದು ಸಂಧಿಸ್ಥಳವಿದೆ. ಇಟಾಲಿಯನ್ನರು ಅದನ್ನು ಪಸ್ಸಾಜೊ ಎನ್ನುತ್ತಾರೆ. ಅದರ ಕೆಳಗೆ ಎದೆದನಿ ತಾನಾಗಿ ಬರುತ್ತದೆ. ಅದೇ ಎದೆದನಿಯನ್ನು ಹಟದಿಂದ ಮೇಲಕ್ಕೆ ಎಳೆದರೆ ಅದು ಕಿರುಚಾಟವಾಗುತ್ತದೆ, ಹೆದರಿ ಬಿಟ್ಟುಕೊಟ್ಟರೆ ಕಳ್ಳದನಿಯಾಗುತ್ತದೆ. ಇವೆರಡರ ನಡುವೆ ಧ್ವನಿಪೆಟ್ಟಿಗೆ ಮೇಲೇರದಂತೆ, ಉಸಿರಿನ ಒತ್ತಡ ಹೆಚ್ಚದಂತೆ, ‘ಆ’ಕಾರವನ್ನು ಅರೆಪಾಲು ‘ಓ’ಕಾರದ ಕಡೆಗೆ ವಾಲಿಸಿ ದಾಟಬೇಕು. ಹೇಳುವುದು ಸುಲಭ, ಕಂಠದ ಸ್ನಾಯುಗಳಿಗೆ ಅದು ಮೈಗೂಡಲು ವರ್ಷಗಳು ಬೇಕಾಗುತ್ತವೆ. ನನ್ನ ಗುರುಗಳು ಆ ವರ್ಷವಿಡೀ ಎತ್ತರದ ಸ್ವರವಿರುವ ಒಂದು ಆರಿಯಾವನ್ನೂ, ಎಂದರೆ ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡನ್ನೂ, ಹಾಡಗೊಡಲಿಲ್ಲ. ‘ಮೇಲಿನ ಸ್ವರ ಎಲ್ಲಿಗೂ ಹೋಗುವುದಿಲ್ಲ, ಅದರ ಬಾಗಿಲನ್ನು ಮೊದಲು ಕಟ್ಟೋಣ’ ಎನ್ನುತ್ತಿದ್ದರು.

ಈ ಕಷ್ಟಕ್ಕೆ ಒಂದು ಇತಿಹಾಸವೂ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಟೆನರ್‌ಗಳು ತಮ್ಮ ತುತ್ತತುದಿಯ ಸ್ವರಗಳನ್ನು ಹಗುರವಾದ ದನಿಯಲ್ಲೇ ಹಾಡುತ್ತಿದ್ದರು. 1837ರಲ್ಲಿ ಜಿಲ್ಬೆರ್ ದ್ಯುಪ್ರೆ ಎಂಬ ಗಾಯಕ ಪ್ಯಾರಿಸ್ಸಿನಲ್ಲಿ ರೋಸ್ಸಿನಿಯ ‘ಗೀಯೋಮ್ ತೆಲ್’ ಒಪೆರಾದ ಮೇಲಿನ ಸಿ-ಯನ್ನು ಎದೆದನಿಯ ಪೂರ್ತಿ ಬಲದಲ್ಲಿ ಹಾಡಿದ. ರೋಸ್ಸಿನಿಗೆ ಅದು ಹಿಡಿಸಲಿಲ್ಲ. ಜನ ಮಾತ್ರ ಮುಗಿಬಿದ್ದರು. ಅಲ್ಲಿಂದೀಚೆಗೆ ಎಲ್ಲ ಟೆನರ್‌ಗಳಿಂದಲೂ ಅದೇ ನಿರೀಕ್ಷೆ. ಇದರ ಜೊತೆಗೆ ಮೈಕ್ ಇಲ್ಲ ಎಂಬುದನ್ನೂ ನೆನಪಿಡಬೇಕು. ಅರುವತ್ತು ಎಪ್ಪತ್ತು ಜನರ ವಾದ್ಯವೃಂದದ ಮೇಲೆ ಒಂಟಿ ಕಂಠ ಕೇಳಿಸುವುದು ಗಟ್ಟಿತನದಿಂದಲ್ಲ: ವಾದ್ಯವೃಂದದ ನಾದಶಕ್ತಿ 500 ಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚಿರುತ್ತದೆ, ತರಬೇತಾದ ಗಂಡುಕಂಠ 3000 ಹರ್ಟ್ಸ್ ಸುತ್ತಮುತ್ತ ಒಂದು ವಿಶೇಷ ಹೊಳಪನ್ನು ಬೆಳೆಸಿಕೊಂಡಿರುತ್ತದೆ, ವಾದ್ಯಗಳ ಸದ್ದು ತೆಳುವಾಗಿರುವ ಆ ಜಾಗದಿಂದ ದನಿ ಹೊರಗೆ ಹಾಯುತ್ತದೆ. ಬಲದಿಂದ ಹಾಡಿದರೆ ಈ ಹೊಳಪೇ ಮೊದಲು ಮಾಯವಾಗುತ್ತದೆ.

ನಾನು ಪೂರ್ಣವಾಗಿ ಕಲಿತ ಮೊದಲ ಆರಿಯಾ ಮೊಝಾರ್ಟ್‌ನ ‘ಮಾಯಾಕೊಳಲು’ ಒಪೆರಾದಲ್ಲಿ ತಮೀನೋ ಹಾಡುವಂಥದ್ದು. 1791ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರಯೋಗಗೊಂಡ ಈ ಒಪೆರಾದಲ್ಲಿ ರಾಜಕುಮಾರ ತಮೀನೋ, ತಾನು ಕಂಡೇ ಇರದ ಹುಡುಗಿಯ ಚಿತ್ರವನ್ನು ಕೈಯಲ್ಲಿ ಹಿಡಿದು ಬೆರಗಾಗುತ್ತಾನೆ. ‘ದೀಸ್ ಬಿಲ್ಡ್‌ನಿಸ್’ ಎಂಬ ಮೊದಲ ಮಾತಿನಲ್ಲೇ ಮೊಝಾರ್ಟ್ ಗಾಯಕನನ್ನು ಕೆಳಗಿನ ಬಿ-ಫ್ಲ್ಯಾಟ್‌ನಿಂದ ನೇರವಾಗಿ ಮೇಲಿನ ಜಿ-ಗೆ ಹಾರಿಸುತ್ತಾನೆ. ಆ ಜಿ ಇರುವುದು ಸರಿಯಾಗಿ ಸಂಧಿಸ್ಥಳದಲ್ಲಿ. ಅದನ್ನು ಮೆಲ್ಲಗೆ, ಉಸಿರು ಕಟ್ಟಿದವನ ಬೆರಗಿನಿಂದ ಹಾಡಬೇಕು, ಒರಗಿಕೊಳ್ಳಲು ಹಿಂದೆ ಬೇರೆ ಸ್ವರಗಳಿಲ್ಲ. ‘ದೀಸ್’ನಲ್ಲಿ ದೀರ್ಘ ‘ಈ’, ‘ಬಿಲ್ಡ್’ನಲ್ಲಿ ಹ್ರಸ್ವ ‘ಇ’. ಹ್ರಸ್ವ ದೀರ್ಘಗಳ ನಡುವೆ ಬೆಳೆದ ನಮಗೆ ಈ ವ್ಯತ್ಯಾಸ ಕಿವಿಗೆ ತಾನಾಗಿ ಹತ್ತುತ್ತದೆ. ಆದರೆ ಎತ್ತರದಲ್ಲಿ ‘ಇ’ಕಾರವನ್ನು ಮಾತಿನಲ್ಲಿದ್ದ ಹಾಗೆಯೇ ಹಿಡಿದರೆ ನಾಲಗೆ ಅಂಗುಳಿಗೆ ಏರಿ ಗಂಟಲು ಇರುಕಾಗುತ್ತದೆ. ನಾನು ತಿಂಗಳುಗಟ್ಟಲೆ ಆ ಎರಡು ಮಾತುಗಳನ್ನು ಮೊದಲು ಆಡಿ, ಆಮೇಲೆ ವ್ಯಂಜನಗಳನ್ನು ಬಿಟ್ಟು ಸ್ವರಾಕ್ಷರಗಳಷ್ಟನ್ನೇ ಹಾಡಿ, ‘ಇ’ಯ ಬೆನ್ನಿಗೆ ‘ಎ’ಯ ವಿಸ್ತಾರವನ್ನು ಎಷ್ಟು ಬೆರೆಸಿದರೆ ಕೇಳುವವನಿಗೆ ಇನ್ನೂ ‘ಇ’ ಎಂದೇ ಕೇಳಿಸುತ್ತದೆ ಎಂಬುದನ್ನು ಹುಡುಕಿದೆ. ಇಂದಿಗೂ ಬೆಳಿಗ್ಗೆ ಕಂಠದ ಸ್ಥಿತಿ ನೋಡಲು ನಾನು ಹಾಡಿಕೊಳ್ಳುವುದು ಆ ಹಾರಿಕೆಯನ್ನೇ.

ಓದು ಮುಗಿದ ಮೇಲೆ ಕೆಲಸದ ಹುಡುಕಾಟ. ಜರ್ಮನಿಯಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಎಂಬತ್ತಕ್ಕೂ ಹೆಚ್ಚು ಒಪೆರಾ ಮನೆಗಳಿವೆ. ಅವುಗಳಲ್ಲಿ ಹೆಚ್ಚಿನವು ತಿಂಗಳ ಸಂಬಳದ ಗಾಯಕರ ತಂಡವನ್ನು ಇಟ್ಟುಕೊಂಡಿವೆ. ಈ ಏರ್ಪಾಡು ಇರುವುದರಿಂದಲೇ ಜಗತ್ತಿನ ಎಲ್ಲೆಡೆಯ ಗಾಯಕರು ಇಲ್ಲಿಗೆ ಬರುತ್ತಾರೆ. ಪ್ರತಿ ಕಂಠಕ್ಕೂ ಒಂದು ‘ಫಾಖ್’, ಎಂದರೆ ವರ್ಗ: ಲಿರಿಕ್ ಟೆನರ್, ಹಾಸ್ಯ ಪಾತ್ರಗಳ ಬುಫೋ ಟೆನರ್, ತರುಣ ವೀರ ಟೆನರ್, ವಾಗ್ನರ್ ರಚಿಸಿದ ಪಾತ್ರಗಳನ್ನು ಹಾಡುವ ವೀರ ಟೆನರ್ ಹೀಗೆ. ಒಪ್ಪಂದದಲ್ಲಿ ವರ್ಗವನ್ನು ನಮೂದಿಸುವುದು ಗಾಯಕನಿಗೆ ರಕ್ಷಣೆ, ಹೊಂದದ ಭಾರದ ಪಾತ್ರವನ್ನು ಅವನ ಮೇಲೆ ಹೇರುವುದು ಕಷ್ಟವಾಗುತ್ತದೆ. ಕೇಂದ್ರ ಉದ್ಯೋಗ ಸಂಸ್ಥೆಯ ಕಲಾವಿದರ ವಿಭಾಗ ಶುಲ್ಕವಿಲ್ಲದೆ ಗಾಯಕರ ಹಾಡು ಕೇಳಿ ರಂಗಮಂದಿರಗಳಿಗೆ ಶಿಫಾರಸು ಮಾಡುತ್ತದೆ. ನಾನು ಅಲ್ಲಿಂದಲೇ ಶುರುಮಾಡಿದೆ.

ಆಡಿಷನ್‌ಗೆ ಸಾಮಾನ್ಯವಾಗಿ ಐದು ಆರಿಯಾಗಳ ಪಟ್ಟಿ ಒಯ್ಯಬೇಕು. ನನ್ನದರಲ್ಲಿ ಮೊಝಾರ್ಟ್‌ನವು ಎರಡು, ಡೋನಿಝೆಟ್ಟಿಯದು ಒಂದು, ಚೈಕಾವ್‌ಸ್ಕಿಯ ಲೆನ್‌ಸ್ಕಿ ಎಂಬ ಪಾತ್ರ ಸಾಯುವ ಮುನ್ನ ರಷ್ಯನ್ ಭಾಷೆಯಲ್ಲಿ ಹಾಡುವುದು ಒಂದು, ಲೋರ್ಟ್ಸಿಂಗ್‌ನದು ಒಂದು. ಮೊದಲನೆಯದು ನಮ್ಮ ಆಯ್ಕೆ, ಎರಡನೆಯದನ್ನು ಅವರು ಕೇಳುತ್ತಾರೆ. ಎಂದೂ ಭೇಟಿಯಾಗದ ಪಿಯಾನೋ ವಾದಕರು ಕಾದಿರುತ್ತಾರೆ. ಅವರಿಗೆ ಲಯ ತಿಳಿಸಲು ಸಿಗುವುದು ಹಾಡಿಗೆ ಮುಂಚಿನ ನಮ್ಮ ಉಸಿರು ಮಾತ್ರ. ಕತ್ತಲೆಯ ಸಭಾಂಗಣದಿಂದ ಒಂದು ‘ಡಾಂಕೆ’ (ಧನ್ಯವಾದ) ಕೇಳಿಬಂದರೆ ಅಲ್ಲಿಗೆ ಮುಗಿಯಿತು. ಎರಡನೆಯ ಆರಿಯಾ ಕೇಳಿದರೆ ಆಸೆ ಇಟ್ಟುಕೊಳ್ಳಬಹುದು. ಬಹಳ ಊರುಗಳಲ್ಲಿ ನಾನು ಒಂದೇ ಆರಿಯಾ ಹಾಡಿ ಹೊರಬಂದೆ. ಕೊನೆಗೆ ಮಧ್ಯಮ ಗಾತ್ರದ ಒಂದು ನಗರದವರು ಮೂರು ಕೇಳಿ, ಎರಡು ವರ್ಷದ ಒಪ್ಪಂದ ಕೊಟ್ಟರು.

ತಂಡದ ಗಾಯಕನ ದಿನಚರಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 2, ಸಂಜೆ 6ರಿಂದ ರಾತ್ರಿ 10. ಸುಮಾರು ಆರು ವಾರಗಳ ತಾಲೀಮಿನಲ್ಲಿ ಮೊದಲು ಪಿಯಾನೋ ಜೊತೆ ಸ್ವರಪಾಠ, ಆಮೇಲೆ ರಂಗದ ಚಲನೆ, ವೇಷಭೂಷಣ. ವಾದ್ಯವೃಂದದ ಜೊತೆ ಕುಳಿತು ಹಾಡುವ ‘ಸಿಟ್ಸ್‌ಪ್ರೋಬೆ’ ಬರುವುದು ಬಹಳ ತಡವಾಗಿ. ಆ ದಿನ ನನಗೆ ಎಂದಿಗೂ ಹಬ್ಬ. ವಾರಗಟ್ಟಲೆ ಪಿಯಾನೋದಲ್ಲಿ ಕೇಳಿದ್ದ ಒಂದು ಸಾಲನ್ನು ಕ್ಲಾರಿನೆಟ್ ಹಿಡಿದುಕೊಂಡಾಗ, ಆ ಸಾಲನ್ನು ನಾನು ಯಾರ ಜೊತೆ ಹಾಡುತ್ತಿದ್ದೆನೆಂಬುದು ಆಗಷ್ಟೇ ಗೊತ್ತಾಗುತ್ತದೆ. ಕೊನೆಯ ಪೂರ್ಣ ತಾಲೀಮಿನಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಪ್ರಥಮ ಪ್ರಯೋಗದ ಸಂಜೆ ಸಹೋದ್ಯೋಗಿಗಳು ಹೆಗಲ ಮೇಲೆ ‘ತೊಯ್ ತೊಯ್ ತೊಯ್’ ಎಂದು ಶುಭ ಹಾರೈಸಿದಾಗ ಧನ್ಯವಾದ ಹೇಳುವಂತಿಲ್ಲ; ಇವನ್ನೆಲ್ಲ ಹಿರಿಯರು ಕಟ್ಟುನಿಟ್ಟಾಗಿ ಕಲಿಸಿದರು.

ಹೊಸಬನಿಗೆ ತಮೀನೋ ವರ್ಷಕ್ಕೊಮ್ಮೆ. ಉಳಿದಂತೆ ‘ಲಾ ತ್ರಾವಿಯಾತಾ’ದ ಗಾಸ್ತೋನೆ, ‘ಕಾರ್ಮೆನ್’ನ ಕಳ್ಳಸಾಗಣೆಗಾರ, ಸ್ಟ್ರೌಸ್‌ನ ‘ಸಲೋಮೆ’ಯಲ್ಲಿ ಒಟ್ಟಿಗೇ ವಾದಕ್ಕಿಳಿಯುವ ಐವರು ಯಹೂದಿಗಳಲ್ಲಿ ಒಬ್ಬ, ಮಕ್ಕಳಿಗಾಗಿ ಬೆಳಗಿನ ಪ್ರಯೋಗ, ಒಪೆರೆಟ್ಟಾ ಎಂಬ ಹಗುರ ಒಪೆರಾದ ಉದ್ದುದ್ದ ಸಂಭಾಷಣೆ. ಹಾಡಿಗಿಂತ ಹೆಚ್ಚಾಗಿ ಕಂಠವನ್ನು ದಣಿಸುವುದು ಈ ಗಟ್ಟಿಯಾದ ಮಾತು. ಒಂದು ಬೆಳಿಗ್ಗೆ ಪಕ್ಕದ ರಾಜ್ಯದ ರಂಗಮಂದಿರವೊಂದರಿಂದ ಫೋನ್ ಬಂತು. ಅವರ ತಮೀನೋಗೆ ಗಂಟಲು ಕಟ್ಟಿತ್ತು, ಪ್ರಯೋಗ ಅದೇ ಸಂಜೆ. ರೈಲಿನಲ್ಲಿ ಅವರ ಪ್ರಯೋಗದ ವಿಡಿಯೊ ನೋಡುತ್ತಾ ಹೋದೆ. ಸಹಾಯಕ ನಿರ್ದೇಶಕಿ ಖಾಲಿ ರಂಗದ ಮೇಲೆ ನನ್ನ ತೋಳು ಹಿಡಿದು ಎಲ್ಲಿ ನಿಲ್ಲಬೇಕು, ಎಲ್ಲಿಂದ ಸರ್ಪ ಬರುತ್ತದೆ ಎಂದು ತೋರಿಸಿದರು. ಅಂಗಿ ಮತ್ತೊಬ್ಬರ ಅಳತೆಯದು, ಬೆನ್ನಿಗೆ ಪಿನ್ನು ಚುಚ್ಚಿ ಸರಿಮಾಡಿದರು. ಹೀಗೆ ದಿಢೀರನೆ ಕೈಗೊಡುವ ಪದ್ಧತಿಯೇ ಈ ದೇಶದ ಒಪೆರಾವನ್ನು ನಡೆಸಿಕೊಂಡು ಹೋಗುತ್ತಿದೆ. ಮಹಾನ್ ಟೆನರ್ ಫ್ರಿಟ್ಸ್ ವುಂಡರ್ಲಿಷ್ ಸ್ಟುಟ್‌ಗಾರ್ಟಿನಲ್ಲಿ ಹೆಸರಾದದ್ದೂ 1955ರಲ್ಲಿ ಸಹೋದ್ಯೋಗಿಯೊಬ್ಬರ ಬದಲಿಗೆ ತಮೀನೋ ಹಾಡಿ.

ಇಲ್ಲಿಯ ರಂಗಭೂಮಿ ಒಪ್ಪಂದಗಳಲ್ಲಿ ಅಕ್ಟೋಬರ್ 31 ಎಂಬ ದಿನಾಂಕಕ್ಕೆ ಬಹಳ ತೂಕವಿದೆ. ಹೆಚ್ಚಿನ ಗಾಯಕರ ವಿಷಯದಲ್ಲಿ, ಆ ದಿನದೊಳಗೆ ‘ನವೀಕರಣವಿಲ್ಲ’ ಎಂಬ ಪತ್ರ ಬಾರದಿದ್ದರೆ ಒಪ್ಪಂದ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತದೆ. ನಮ್ಮಲ್ಲಿ ಮುಖ್ಯಸ್ಥರು ಬದಲಾದರು; ಹೊಸಬರು ತಮ್ಮದೇ ತಂಡ ತರುವುದು ಇಲ್ಲಿ ರೂಢಿಯೂ ಹೌದು, ಕಾನೂನು ಒಪ್ಪುವ ಕಾರಣವೂ ಹೌದು. ನಮ್ಮಲ್ಲಿ ಅನೇಕರಿಗೆ ಪತ್ರ ಬಂತು, ನನಗೂ ಬಂತು. ಹಾಡಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲವೆಂಬುದು ನನ್ನನ್ನು ಬಹಳ ನೋಯಿಸಿತು. ಮಕ್ಕಳನ್ನು ಅದೇ ಊರಿನ ಶಾಲೆಗೆ ಸೇರಿಸಿದ್ದ ಹಿರಿಯ ಸಹೋದ್ಯೋಗಿಯ ಪಾಡು ನನ್ನದಕ್ಕಿಂತ ಕಷ್ಟದ್ದಾಗಿತ್ತು. ನಾನು ಸ್ವತಂತ್ರ ಗಾಯಕನಾದೆ. ಸ್ವತಂತ್ರ ಕಲಾವಿದರ ಆರೋಗ್ಯ ಮತ್ತು ಪಿಂಚಣಿ ವಿಮೆಯ ಅರ್ಧದಷ್ಟನ್ನು ಭರಿಸುವ ಸಾಮಾಜಿಕ ನಿಧಿಯೊಂದು ಇಲ್ಲಿ 1983ರಿಂದ ಇದೆ. ಅದಿಲ್ಲದಿದ್ದರೆ ಈ ಹೆಜ್ಜೆ ಇಡುವುದು ನನ್ನಿಂದಾಗುತ್ತಿರಲಿಲ್ಲ.

ಚರ್ಚುಗಳ ಕೆಲಸ ನನ್ನನ್ನು ಹಿಡಿದೆತ್ತಿದ್ದು ಆಗ. ಜರ್ಮನಿಯ ಹೆಚ್ಚುಕಡಿಮೆ ಪ್ರತಿಯೊಂದು ಊರಿನಲ್ಲೂ ಹವ್ಯಾಸಿಗಳ ಗಾಯನಮಂಡಳಿಗಳಿವೆ. ಡಿಸೆಂಬರಿನಲ್ಲಿ ಬಾಖ್‌ನ ಕ್ರಿಸ್ಮಸ್ ಒರಟೋರಿಯೋ, ಎಂದರೆ ಅಭಿನಯವಿಲ್ಲದೆ ಹಾಡುವ ಬೈಬಲ್ ಕತೆ, ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಯೇಸುವಿನ ಕೊನೆಯ ಯಾತನೆಯನ್ನು ಹಾಡುವ ಪ್ಯಾಶನ್‌ಗಳು. ಏಕವ್ಯಕ್ತಿ ಗಾಯಕರು ಶನಿವಾರ ಬಂದು ಒಂದು ತಾಲೀಮು ಮಾಡಿ ಭಾನುವಾರ ಹಾಡುತ್ತಾರೆ. ಟೆನರ್‌ಗೆ ಇಲ್ಲಿ ದೊರೆಯುವ ಅತಿ ದೊಡ್ಡ ಜವಾಬ್ದಾರಿ ‘ಮತ್ತಾಯ ಪ್ಯಾಶನ್’ನ ಎವಾಂಗೆಲಿಸ್ಟ್, ಎಂದರೆ ಕತೆ ಹೇಳುವವನು. ಬಾಖ್ ಇದನ್ನು 1727ರ ಶುಭ ಶುಕ್ರವಾರದಂದು ಲೈಪ್‌ಝಿಗ್‌ನ ಸಂತ ಥೋಮಸರ ಚರ್ಚಿನಲ್ಲಿ ಮೊದಲು ಕೇಳಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಮುಂದೆ 1829ರಲ್ಲಿ ಇಪ್ಪತ್ತರ ಹರೆಯದ ಮೆಂಡೆಲ್ಸೋನ್ ಬರ್ಲಿನ್ನಿನಲ್ಲಿ ನಡೆಸಿದ ಪ್ರಯೋಗದಿಂದ ಅದು ಮತ್ತೆ ಜನರ ನಡುವೆ ಬಂತು. ಎರಡು ಮಂಡಳಿ, ಎರಡು ವಾದ್ಯವೃಂದಗಳ ನಡುವೆ, ಸುಮಾರು ಎರಡೂಮುಕ್ಕಾಲು ಗಂಟೆ, ಮತ್ತಾಯನ ಸುವಾರ್ತೆಯ 26 ಮತ್ತು 27ನೆಯ ಅಧ್ಯಾಯಗಳನ್ನು ಈ ಒಬ್ಬ ಟೆನರ್ ಹೇಳುತ್ತಾ ಹೋಗಬೇಕು.

ಇದನ್ನು ಕಲಿಯಲು ನಾನು ಮೊದಲು ಸ್ವರಲಿಪಿಯನ್ನು ಮುಚ್ಚಿಟ್ಟೆ. ಕನ್ನಡ ಬೈಬಲಿನಲ್ಲಿ ಆ ಎರಡು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿದೆ, ಆಮೇಲೆ ಲೂಥರನ ಜರ್ಮನ್ ಅನುವಾದವನ್ನು ಮತ್ತೆ ಮತ್ತೆ ಓದಿದೆ. ರೆಸಿಟೇಟಿವ್ ಎಂಬ ಮಾತಿನಂಥ ಹಾಡಿಕೆಯಲ್ಲಿ ಬರೆದಿರುವ ಸ್ವರಗಳ ಎತ್ತರ ಖಚಿತ, ಅವುಗಳ ಕಾಲ ಮಾತ್ರ ಮಾತಿನ ಓಟಕ್ಕೆ ಬಿಟ್ಟದ್ದು. ಆರ್ಗನ್ ಮತ್ತು ಚೆಲ್ಲೋ ವಾದಕರು ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಾರೆ. ಬಾಖ್ ಯೇಸುವಿನ ಮಾತುಗಳ ಸುತ್ತ ತಂತಿವಾದ್ಯಗಳ ಪ್ರಭೆ ಇಟ್ಟಿದ್ದಾನೆ, ಕತೆ ಹೇಳುವವನಿಗೆ ಅದೂ ಇಲ್ಲ. ಶಿಲುಬೆಯ ಮೇಲಿನ ‘ಏಲೀ, ಏಲೀ’ ಎಂಬ ಕೂಗಿನಲ್ಲಿ ಆ ಪ್ರಭೆಯನ್ನು ಯೇಸುವಿನಿಂದಲೂ ತೆಗೆದುಬಿಡುತ್ತಾನೆ. ಮರುಕ್ಷಣವೇ ಎವಾಂಗೆಲಿಸ್ಟ್ ಅದೇ ರಾಗವನ್ನು ಇನ್ನೂ ಎತ್ತರದಲ್ಲಿ ಹಾಡಿ ಅದರ ಅರ್ಥ ಹೇಳಬೇಕು. ಅದಕ್ಕೂ ಬಹಳ ಮುಂಚೆ, ಪೇತ್ರನು ಮೂರು ಸಲ ಅಲ್ಲಗಳೆದು, ಕೋಳಿ ಕೂಗಿ, ಹೊರಗೆ ಹೋಗಿ ‘ಬಹಳ ವ್ಯಥೆಪಟ್ಟು ಅತ್ತನು’ ಎಂಬಲ್ಲಿ, ಅಷ್ಟು ಹೊತ್ತು ಒಂದಕ್ಷರಕ್ಕೆ ಒಂದು ಸ್ವರದಂತೆ ಸಾಗುತ್ತಿದ್ದ ನಿರೂಪಣೆ ‘ಅತ್ತನು’ ಎಂಬ ಕ್ರಿಯಾಪದದ ಮೇಲೆ ಉದ್ದವಾದ ಆಲಾಪವಾಗಿ ಒಡೆಯುತ್ತದೆ. ಇಲ್ಲಿ ಅಳುವ ಹಕ್ಕು ಗಾಯಕನಿಗಿಲ್ಲ. ಅವನು ಅತ್ತರೆ ಪಸ್ಸಾಜೊ ಮುಚ್ಚಿಕೊಳ್ಳುತ್ತದೆ, ಕತೆ ಪೇತ್ರನದಾಗಿ ಉಳಿಯದೆ ಗಾಯಕನದಾಗುತ್ತದೆ. ಉಸಿರನ್ನು ಒಂದೇ ಸಮನೆ ಬಿಡುತ್ತಾ ಸ್ವರದಿಂದ ಸ್ವರಕ್ಕೆ ಇಳಿಯಬೇಕು. ಅದರ ನಂತರ ಬರುವ ಪಿಟೀಲು ಮತ್ತು ಆಲ್ಟೊ ಕಂಠದ ಆರಿಯಾ ಸಭೆಯ ಪರವಾಗಿ ಅಳುವ ಕೆಲಸವನ್ನು ಮಾಡುತ್ತದೆ.

ಎವಾಂಗೆಲಿಸ್ಟ್ ನನ್ನ ಕಂಠವನ್ನು ದುರಸ್ತಿ ಮಾಡಿದ. ರಂಗಮಂದಿರದ ವರ್ಷಗಳಲ್ಲಿ ಒತ್ತಿ ಹಾಡುವ ಚಾಳಿ ಅಂಟಿತ್ತು. ಮಾತಿನ ವೇಗದಲ್ಲಿ, ಹಗುರವಾಗಿ, ದಿನವೂ ಎಫ್-ಜಿ-ಎ ಸ್ವರಗಳಲ್ಲಿ ಓಡಾಡಿದ್ದರಿಂದ ಅದು ಬಿಟ್ಟುಹೋಯಿತು. ಹಳೆಯ ವಾದ್ಯಗಳ ತಂಡಗಳು ‘ಎ’ ಸ್ವರವನ್ನು 415 ಹರ್ಟ್ಸ್‌ಗೆ, ಎಂದರೆ ಇಂದಿನ ಶ್ರುತಿಗಿಂತ ಸುಮಾರು ಅರ್ಧ ಸ್ವರ ಕೆಳಕ್ಕೆ ಕೂಡಿಸುತ್ತವೆ. ಅಂಥ ತಂಡದ ಜೊತೆ ಹಾಡುವುದು ಇನ್ನೂ ಹಿತ. ಡ್ರೆಸ್ಡೆನ್ನಿನ ಬಾಲಕರ ಮಂಡಳಿಯಲ್ಲಿ ಬೆಳೆದು, ಎವಾಂಗೆಲಿಸ್ಟ್ ಹಾಡುತ್ತಲೇ ವಾದ್ಯವೃಂದವನ್ನೂ ನಡೆಸುತ್ತಿದ್ದ ಪೇಟರ್ ಶ್ರೈಯರ್ ಅವರ ಧ್ವನಿಮುದ್ರಿಕೆಗಳನ್ನು ಕಲಿಯುವವರೆಲ್ಲ ಕೇಳಬೇಕು. ಪ್ಯಾಶನ್‌ನಲ್ಲಿ ಐದು ಬಾರಿ ಬರುವ ‘ರಕ್ತ ಗಾಯಗಳಿಂದ ತುಂಬಿದ ಶಿರವೇ’ ಎಂಬ ಕೋರಾಲ್‌ನ ಧಾಟಿ ಮಂಗಳೂರಿನಿಂದಲೇ ನನಗೆ ಬಾಯಿಪಾಠ. ಮಂಡಳಿ ಅದನ್ನು ಎತ್ತಿಕೊಂಡಾಗ ನಾನು ನನ್ನ ಕುರ್ಚಿಯಲ್ಲಿ ಕುಳಿತು ಕನ್ನಡದ ಮಾತುಗಳಲ್ಲಿ ಮನಸ್ಸಿನೊಳಗೇ ಟೆನರ್ ಸಾಲನ್ನು ಹಾಡಿಕೊಳ್ಳುತ್ತೇನೆ.

ಲೀಟ್‌ಗೆ ಬಂದದ್ದು ಕೊನೆಯಲ್ಲಿ. ಆಸ್ಟ್ರಿಯಾದ ಸಂಗೀತಕಾರ ಶೂಬರ್ಟ್ ತನ್ನ ಮೂವತ್ತೊಂದು ವರ್ಷದ ಬದುಕಿನಲ್ಲಿ ಆರುನೂರಕ್ಕೂ ಹೆಚ್ಚು ಇಂಥ ಗೀತೆಗಳನ್ನು ಬರೆದ. ವಿಲ್‌ಹೆಲ್ಮ್ ಮ್ಯುಲರ್‌ನ ಕವಿತೆಗಳಿಗೆ 1823ರಲ್ಲಿ, ಕಾಯಿಲೆಯ ನಡುವೆ, ಸಂಯೋಜಿಸಿದ ‘ಗಿರಣಿಯ ಚೆಲುವೆ’ ಎಂಬ ಇಪ್ಪತ್ತು ಹಾಡುಗಳ ಮಾಲೆಯ ಮೂಲ ಶ್ರುತಿಗಳು ಟೆನರ್ ಕಂಠಕ್ಕೇ ಹೊಂದುವಂಥವು. ನಡುವೆ ವಿರಾಮವಿಲ್ಲದೆ ಒಂದು ಗಂಟೆಗೂ ಹೆಚ್ಚು ಹಾಡಬೇಕು. ವೇಷವಿಲ್ಲ, ಬೆಳಕಿನಾಟವಿಲ್ಲ, ಮೊದಲ ಸಾಲಿನವರ ಮುಖ ಕಾಣುತ್ತಿರುತ್ತದೆ. ಏಳನೆಯ ಹಾಡಿನಲ್ಲಿ ‘ನನ್ನ ಹೃದಯ ನಿನ್ನದು’ ಎಂದು ನಾಲ್ಕೂ ಚರಣಗಳ ಕೊನೆಗೆ ಮೇಲಿನ ಎ-ಗೆ ಏರಬೇಕು. ಹದಿನಾರನೆಯದರಲ್ಲಿ ಪಿಯಾನೋ ಒಂದೇ ಎಫ್-ಶಾರ್ಪ್ ಸ್ವರವನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ನುಡಿಸುತ್ತಿರುವಾಗ ಅದರ ಪಕ್ಕದಲ್ಲಿ ಕಂಪನವಿಲ್ಲದ ದನಿಯಲ್ಲಿ ಹಸಿರು ಬಣ್ಣದ ಮಾತಾಡಬೇಕು. ಕೊನೆಯದು, ಪ್ರೀತಿಯಲ್ಲಿ ಸೋತು ತೊರೆಯಲ್ಲಿ ಮುಳುಗಿಹೋದ ಹುಡುಗನಿಗೆ ಆ ತೊರೆಯೇ ಹಾಡುವ ಜೋಗುಳ. ದಣಿದ ಹೊತ್ತಿನಲ್ಲಿ, ಐದು ಚರಣಗಳು, ಎಲ್ಲವೂ ಮೆಲ್ಲಗೆ. ಪಿಯಾನೋ ವಾದಕಿಯೊಂದಿಗೆ ನಾನು ಹೆಚ್ಚು ವಾದಿಸಿದ್ದು ಇದರ ವೇಗದ ಬಗ್ಗೆ. ಪ್ರತಿ ಚರಣಕ್ಕೂ ಬೇರೆ ಬಣ್ಣ ಕೊಡಬೇಕೆಂಬುದು ನನ್ನ ಹಟವಾಗಿತ್ತು. ತೊರೆಗೆ ಮನಸ್ಸು ಬದಲಾಗುವುದಿಲ್ಲ, ಆದ್ದರಿಂದ ಬಣ್ಣವೂ ಬದಲಾಗಬಾರದು ಎಂದರು ಆಕೆ. ಅವರು ಹೇಳಿದಂತೆಯೇ ಹಾಡುತ್ತಿದ್ದೇವೆ.

ಲೀಟ್‌ನಿಂದ ಹೊಟ್ಟೆ ತುಂಬುವುದಿಲ್ಲ. ಲಂಡನ್ನಿನ ವಿಗ್‌ಮೋರ್ ಹಾಲ್‌ನಂಥ ಹೆಸರಾಂತ ವೇದಿಕೆಯೂ ಸುಮಾರು 550 ಆಸನಗಳದ್ದು. ಈ ಕಲೆ ಯಾವಾಗಲೂ ಪೋಷಕರನ್ನು ನಂಬಿ ಬದುಕಿದೆ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರು ರಿಚರ್ಡ್ ಸ್ಟ್ರೌಸ್‌ನ ‘ಕೊನೆಯ ನಾಲ್ಕು ಹಾಡು’ಗಳನ್ನು ಮೊದಲ ಬಾರಿಗೆ ಹಾಡಿದಾಗ, ಆ ಕಚೇರಿಯ ಹಣದ ಹೊಣೆ ಹೊತ್ತವರು ಮೈಸೂರಿನ ಜಯಚಾಮರಾಜ ಒಡೆಯರು. ಇದನ್ನು ಇಲ್ಲಿಯ ಸಂಗೀತಗಾರರಿಗೆ ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ.

ಈಗ ನನ್ನ ವರ್ಷವನ್ನು ನಾನೇ ಹೆಣೆಯುತ್ತೇನೆ. ಶರತ್ಕಾಲದಲ್ಲಿ ಒಂದು ಒಪೆರಾ, ಡಿಸೆಂಬರಿನಲ್ಲಿ ಒರಟೋರಿಯೋ, ವಸಂತದಲ್ಲಿ ಪ್ಯಾಶನ್, ಬೇಸಿಗೆಯ ಮೊದಲಲ್ಲಿ ಶೂಬರ್ಟ್ ಇಲ್ಲವೆ ಶೂಮನ್. ಕಂಠ ವಯಸ್ಸಿನೊಂದಿಗೆ ತೂಕ ಪಡೆಯುತ್ತಿದೆ. ವೇಬರ್‌ನ ‘ಡೆರ್ ಫ್ರೈಶ್ಯುಟ್ಸ್’ನಲ್ಲಿ ಬೇಟೆಗಾರ ಮಾಕ್ಸ್‌ನ ಪಾತ್ರಕ್ಕೆ ಕರೆ ಬಂದಿದೆ. ಅದು ತರುಣ ವೀರ ಟೆನರ್ ವರ್ಗದ್ದು, ನಾನು ಇದುವರೆಗೆ ಹಾಡಿದ್ದಕ್ಕಿಂತ ಭಾರ. ಗುರುಗಳ ಮುಂದೆ ಪೂರ್ತಿ ಹಾಡಿ ತೋರಿಸಿದ ಮೇಲೆ, ಎರಡು ಪ್ರಯೋಗಗಳ ನಡುವೆ ಕನಿಷ್ಠ ಎರಡು ದಿನ ಬಿಡುವಿರಬೇಕೆಂಬ ಶರತ್ತಿನೊಂದಿಗೆ ಒಪ್ಪಿಕೊಂಡೆ. ಆ ಪ್ರಯೋಗಗಳು ಮುಗಿದ ಮರುವಾರವೇ ಸಣ್ಣ ಊರೊಂದರಲ್ಲಿ ‘ಗಿರಣಿಯ ಚೆಲುವೆ’ ಇದೆ. ಅದನ್ನು ಮುಂದೂಡಲು ಏಜೆಂಟರು ಸೂಚಿಸಿದರೂ ನಾನು ಒಪ್ಪಲಿಲ್ಲ.